ಭಾನುವಾರದ ಕಿವಿ

ಸ್ಪಿರಿಟ್ಟಿನ ಘಾಟು ಇವತ್ತು ಮೂಗಿಗಿಂತ ಕಣ್ಣಿಗೇ ಹೆಚ್ಚು ಹತ್ತುತ್ತಿದೆ, ಕಿಟಕಿ ತೆಗೆಯೋಣವೆಂದರೆ ಬಿಸಿಲು ಬಿದ್ದು ಅಚ್ಚು ಹಾಕುವ ರೆಸಿನ್ ದ್ರವ ಗಟ್ಟಿಯಾಗುತ್ತದೆ, ಉರಿಯಲಿ ಬಿಡು, ಕಣ್ಣಲ್ಲಿ ನೀರೇಕೆ ಎಂದು ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತದೆ — ಅವಳು ಡಬ್ಬಿ ಕುಲುಕಿದಳು, ಒಳಗೆ ಯಾರದೋ ಮಗುವಿನ ಕಿವಿ ಕೇಳಿಸುವ ಮಷೀನಿನ ಮೋಲ್ಡು, ಕಿವಿಯೊಳಗೆ ಕೂರುವ ಬಿರಡೆ, ಗೋಡಂಬಿಯ ಹಾಗೆ ಹೊರಳಿತು, ಇದು ಒಂದೇ ಸಲಕ್ಕೆ ಸರಿಯಾಯಿತು, ಮಕ್ಕಳ ಕಿವಿ ಬೆಳೆಯುತ್ತಮ್ಮ, ಆರು ತಿಂಗಳಿಗೊಂದು ಹೊಸದು ಮಾಡಿಸಿ ಎಂದು ಆ ತಾಯಿಗೆ ಹೇಳುವಾಗ ಬಾಯಿಗೆ ಎಷ್ಟು ಹಗುರ. ಅಪ್ಪನದು ಏಳು ಸಲ. ಏಳೂ ಮೇಜಿನ ಅಂಚಿನಲ್ಲಿ ಸಾಲಾಗಿ ಕೂತಿವೆ, ಒಂದೊಂದರ ಬೆನ್ನಿನ ಮೇಲೂ ಪೆನ್ನಿನಲ್ಲಿ ಬರೆದ ಅಂಕಿ, ಕಂಪ್ಯೂಟರಿನ ಪರದೆಯ ಮೇಲೆ ಎಂಟನೆಯದು ಮೆಲ್ಲಗೆ ತಿರುಗುತ್ತಿದೆ, ಪಕ್ಕದಲ್ಲಿ ಎಷ್ಟು ದಪ್ಪ ಮಾಡಲಿ ಎಂದು ಕೇಳುವ ಖಾಲಿ ಚೌಕ, ಅದರೊಳಗೆ ಮಿನುಗುವ ಒಂದು ಗೆರೆ — ಆರು ಗಂಟೆಗೆ ಅಪ್ಪನ ಊರಿಗೆ ಬಸ್ಸು, ಅಚ್ಚಾಗಲು ಐವತ್ತು ನಿಮಿಷ, ತೊಳೆದು ಬೆಳಕಿಗಿಟ್ಟು ಉಜ್ಜಿ ನುಣುಪು ಮಾಡಲು ಇನ್ನೊಂದು ಗಂಟೆ, ಬೇಗ ಅಂಕಿ ಹಾಕು. ಮೊದಲನೆಯದು ಸಡಿಲವಾಗಿತ್ತು, ಸಡಿಲವಾದರೆ ಸದ್ದು ಸೋರಿ ಮಷೀನು ಶಿಳ್ಳೆ ಹಾಕುತ್ತದೆ, ಅಪ್ಪನ ಕಿವಿಗೆ ಇಟ್ಟದ್ದೇ ತಡ ಕುಯ್ಯೋ ಎಂದಿತು, ಕುಕ್ಕರ್ ಕೂಗ್ತು ಅಂತ ಒಲೆ ಆರಿಸೋಕೆ ಓಡಿದ್ನಲ್ಲೇ ಎಂದು ಅಕ್ಕ ನಕ್ಕಳು, ಭಾವ ನಕ್ಕರು, ಎಲ್ಲರೂ ನಕ್ಕದ್ದು ನೋಡಿ ಅಪ್ಪನೂ ನಕ್ಕ, ಯಾಕೆಂದು ತಿಳಿಯದೆ, ಮಂಚದ ಮೇಲೆ ಒರಗಿಕೊಂಡು, ಹೊಟ್ಟೆಯಲ್ಲಿ ಗಂಟಿಟ್ಟುಕೊಂಡು, ಆ ಗಂಟಿಗೆ ಇನ್ನು ಮದ್ದಿಲ್ಲ ಎಂದು ಡಾಕ್ಟರು ಹೇಳಿ ಆಗ ಹತ್ತು ದಿನ. ಮೂವತ್ತೆಂಟು ವರ್ಷ ಲೇತ್ ಮುಂದೆ ನಿಂತು ಕಿವಿ ಕಳೆದುಕೊಂಡವನು, ಕಬ್ಬಿಣವನ್ನು ಕೂದಲೆಳೆ ಲೆಕ್ಕದಲ್ಲಿ ಕಡೆಯುತ್ತಿದ್ದವನು, ಅಳತೆ ತಪ್ಪಿದ್ರೆ ತಪ್ಪು ಕೈದು ಮರಿ, ಕಬ್ಬಿಣದ್ದಲ್ಲ ಎನ್ನುತ್ತಿದ್ದ, ಹಾಗಾಗಿ ಅವಳು ತನ್ನ ಕೈಯನ್ನೇ ಬೈದುಕೊಂಡಳು, ಹನ್ನೊಂದು ವರ್ಷ ಕಂಡಕಂಡವರ ಕಿವಿಗೆಲ್ಲ ಮೋಲ್ಡ್ ಕೂರಿಸಿದವಳು ಹೆತ್ತಪ್ಪನ ಕಿವಿಗೆ ಸೋತಳಲ್ಲ ಎಂದು.

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಇದೇ ಇರಬೇಕು, ಹನ್ನೊಂದು ವರ್ಷದಲ್ಲಿ ಅಪ್ಪನಿಗೆ ಒಂದು ಮಾಡಿಕೊಡಬೇಕು ಅನ್ನಿಸಲಿಲ್ಲವೇ, ಅನ್ನಿಸಿತ್ತು, ನಂಗ್ಯಾಕೆ ಬಿಡು ಅದು ಎಂದಿದ್ದ, ಅಷ್ಟಕ್ಕೇ ಅವಳು ಸುಮ್ಮನಾದಳು, ಸುಮ್ಮನಾಗಿದ್ದೇ ಅನುಕೂಲವೂ ಆಗಿತ್ತು — ಊಟದ ಹೊತ್ತಿಗೆ ಅವಳು ಏನೋ ಹೇಳಿದರೆ ಅಪ್ಪ ಕತ್ತು ಮುಂದೆ ಚಾಚಿ ಆಂ? ಎನ್ನುವನು, ಏನಿಲ್ಲ ಬಿಡಪ್ಪ, ಮತ್ತೆ ಆಂ?, ಅಯ್ಯೋ ಏನಿಲ್ಲ ಬಿಡಪ್ಪ, ಅವನು ತಲೆಯಾಡಿಸಿ ತಟ್ಟೆ ನೋಡುವನು, ಕೆಲಸ ಸಿಕ್ಕ ದಿನವೂ ಏನಿಲ್ಲ ಬಿಡಪ್ಪ, ಮದುವೆ ಮುರಿದು ಬಂದ ದಿನವೂ ಏನಿಲ್ಲ ಬಿಡಪ್ಪ. ಅದನ್ನೇ ಈಗ ಅಪ್ಪನಿಗೆ ಹೇಳಬೇಕು ಅವಳು, ಏನಿಲ್ಲ ಅಂದಾಗೆಲ್ಲ ಏನೋ ಇತ್ತಪ್ಪ, ಹೇಳೋಕೆ ನನಗೆ ಸೋಮಾರಿತನ, ನೀನು ಕೇಳಿದ್ದೆ, ನಾನೇ ಹೇಳಲಿಲ್ಲ. ಒಂದು ಚೀಟೀಲಿ ಬರ್ಕೊಡೇ ಅಂದಳು ಅಕ್ಕ, ಬರೆದುಕೊಡಲು ಅದೇನು ಅಂಗಡಿ ಸಾಮಾನಿನ ಪಟ್ಟಿಯೇ, ಕಿವಿಗೇ ಹೇಳಬೇಕು, ತಪ್ಪು ಮಾಡಿದ್ದು ಕಿವಿಗೆ. ಎರಡನೆಯದನ್ನು ದಪ್ಪ ಮಾಡಿದಳು, ಮಲಗಿದ್ದಾಗ ಸುಮ್ಮನಿದ್ದು ಗಂಜಿ ನುಂಗುವಾಗ ಕೂಗಿತು, ಮೂರನೆಯದು ಬಿಗಿಯಾಗಿ ಕಿವಿಯೊಳಗೆ ಕೆಂಪಗೆ ಗೀರಿತ್ತು, ಹಾಯಾಗಿದೆ ಮರಿ ಅಂತಲೇ ಅಂದ ಪುಣ್ಯಾತ್ಮ, ನಾಲ್ಕನೆಯದು, ಆಹಾ ನಾಲ್ಕನೆಯದು ಐದು ನಿಮಿಷ ಕೂತಿತು, ಶಿಳ್ಳೆ ಇಲ್ಲ, ಏನಿಲ್ಲ, ಅಪ್ಪನ ಹುಬ್ಬು ಮೇಲೆ ಹೋಯಿತು, ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಅವನೇ ಮೇಲೆ ನೋಡಿ, ಈ ಫ್ಯಾನು ಯಾವಾಗಿಂದ ಹಿಂಗೆ ನರಳ್ತಿದೆ, ಬೇರಿಂಗ್ ಹೋಗಿದೆ, ಒಬ್ರಿಗಾದ್ರೂ ಕಿವಿ ಬೇಡ್ವಾ ಈ ಮನೇಲಿ! ಅಕ್ಕ ಬಿದ್ದು ಬಿದ್ದು ನಕ್ಕಳು, ಅವನೂ ನಕ್ಕ, ನಗುವಾಗ ದವಡೆ ಅಲ್ಲಾಡಿ ಮೋಲ್ಡು ಜಾರಿತು, ಕುಯ್ಯೋ. ಆಮೇಲೆ ಐದು, ಆರು, ಏಳು, ಒಂದಕ್ಕಿಂತ ಒಂದು ಸಡಿಲ.

ಬೆಳಿಗ್ಗೆ ಕಿವಿ ಪರೀಕ್ಷೆಯ ಮೇಡಂ ಒಳಗೆ ಬಂದವರು ಆ ಸಾಲು ನೋಡಿ ನಿಂತರು, ಇದೆಲ್ಲಾ ಒಬ್ರದ್ದೇನಾ, ಹೌದು ಮೇಡಂ, ನಮ್ಮಪ್ಪಂದು, ತೂಕ ಇಳೀತಿದ್ಯಾ ಅವ್ರದ್ದು, ಹೌದು ಮೇಡಂ, ಹಾಗಾದ್ರೆ ತಪ್ಪು ನಿನ್ನದಲ್ಲ ಕಣಮ್ಮ, ಮೈ ಕರಗಿದ್ರೆ ಕಿವಿ ದಾರಿನೂ ಅಗಲ ಆಗುತ್ತೆ, ಗೊತ್ತಿಲ್ವಾ ನಿಂಗೆ — ಗೊತ್ತಿತ್ತು, ಬೇರೆಯವರ ಅಪ್ಪಂದಿರ ವಿಷಯದಲ್ಲಿ ಗೊತ್ತಿತ್ತು. ಮೇಡಂ ಹೆಗಲು ತಟ್ಟಿ ಹೋದರು, ತಪ್ಪು ತನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ತಿದ್ದಬಹುದಿತ್ತು. ಭಾನುವಾರ ಗುಲಾಬಿ ಬಣ್ಣದ ಮೆತ್ತನೆ ಹಿಟ್ಟು ತುಂಬಿ ಕಿವಿಯ ಪಡಿಯಚ್ಚು ತೆಗೆಯುತ್ತಾಳೆ, ವಾರವೆಲ್ಲ ಇಲ್ಲಿ ಕೂತು ತಿದ್ದುತ್ತಾಳೆ, ಮುಂದಿನ ಭಾನುವಾರ ಒಯ್ಯುತ್ತಾಳೆ, ಅಷ್ಟರಲ್ಲಿ ಆ ಕಿವಿ ಅಲ್ಲಿರುವುದಿಲ್ಲ, ಅಳತೆ ಕೊಟ್ಟ ಅಪ್ಪ ಒಬ್ಬ, ಹಾಕಿಕೊಳ್ಳುವ ಅಪ್ಪ ಇನ್ನೊಬ್ಬ, ಏಳು ಸಲವೂ ಒಂದು ವಾರ ತಡ. ಎಂಟು ಪಡಿಯಚ್ಚುಗಳನ್ನೂ ಪರದೆಯ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದಳು, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ತೆಳ್ಳಗೆ ಒಂದು ಪದರ, ಅಪ್ಪ ಇಲ್ಲವಾದದ್ದು ಅಷ್ಟು. ಹಾಗಾದರೆ ಎಂಟನೆಯದನ್ನು ಕಳೆದ ಭಾನುವಾರದ ಕಿವಿಗೆ ಮಾಡಬಾರದು, ನಾಳೆಯ ಕಿವಿಗೆ ಮಾಡಬೇಕು, ಈ ವಾರ ಎಷ್ಟು ಕರಗಿದ್ದಾನೆಂದು ಊಹಿಸಿ ಅಷ್ಟನ್ನು ಈ ಚೌಕದಲ್ಲಿ ಬರೆಯಬೇಕು, ಲೆಕ್ಕವೇನೋ ಸುಲಭ, ನಿನ್ನೆ ಅಕ್ಕ ಫೋನಿನಲ್ಲಿ, ಈಗ ಬರೀ ನೀರು ಕಣೇ, ಅದೂ ಚಮಚದಲ್ಲಿ, ಈ ಸಲ ಬಂದ್ರೆ ವಾಪಸ್ ಹೋಗೋ ಟಿಕೆಟ್ ಮಾಡಿಸ್ಬೇಡ. ಸೊನ್ನೆ ಎಂದು ಹಾಕಲೇ, ಹಾಕಿದರೆ ಅಪ್ಪ ಕರಗಿಲ್ಲ, ಕಳೆದ ವಾರ ಹೇಗಿದ್ದನೋ ಹಾಗೇ ಇದ್ದಾನೆ, ಆದರೆ ಮೋಲ್ಡು ಕೂಗುತ್ತದೆ, ಅವಳ ಮಾತು ಕೇಳಿಸುವುದಿಲ್ಲ. ಸರಿಯಾದ ಅಂಕಿ ಹಾಕಿದರೆ ಕೇಳಿಸುತ್ತದೆ, ಆದರೆ ಅಷ್ಟು ಅಪ್ಪನನ್ನು ತನ್ನ ಕೈಯಾರೆ ಕಳೆಯಬೇಕು, ಇಲ್ಲಿ ಕೂತು, ಅವನು ಇನ್ನೂ ಉಸಿರಾಡುತ್ತಿರುವಾಗ. ಸೊನ್ನೆ ಬಿಂದು ನಾಲ್ಕು ಎಂದು ಒತ್ತಿದಳು. ಅಳಿಸಿದಳು. ಮೂರೂವರೆಯಾಯಿತು, ಒತ್ತು, ಒಂದೇ ಒಂದು ಅಂಕಿ, ಬೆರಳು ಕೀಲಿಯ ಮೇಲಿದೆ, ಖಾಲಿ ಚೌಕದಲ್ಲಿ ಆ ಗೆರೆ ಮಿನುಗುತ್ತಿದೆ, ಇದೆ, ಇಲ್ಲ, ಇದೆ, ಇಲ್ಲ, ಇದೆ