ನಾಲ್ಕು ದಿನ ನೋಡಿ ತೆಗೆದ ಫೋಟೋ

ಅಣ್ಣನ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ತಂಗಿಗೆ ಊರಿನವರ ಕಿವಿಗಳೆಲ್ಲ ಬಾಯಿಪಾಠವಾಗಿದ್ದವು. ಕಣ್ಣು ಮುಚ್ಚಿದ ಫೋಟೋ ಸೀದಾ ಕಸದ ಬುಟ್ಟಿಗೆ. ಅದು ಅಣ್ಣನ ಕಾನೂನು. ಹಿಡಿದದ್ದು ಬಿಡದ ಸ್ವಭಾವಕ್ಕೆ ಮನೆಯಲ್ಲಿ ಅವಳಿಗೆ ಮೊಂಡಿ ಎಂದೇ ಹೆಸರು.

ಒಂದು ದಿನ ಎದುರು ಬೀದಿಯ ಗಡಿಯಾರ ರಿಪೇರಿಯ ಮುದುಕರು ಬಂದರು. ಐವತ್ತು ವರ್ಷದ ಅಂಗಡಿಯನ್ನು ತಿಂಗಳ ಕೊನೆಗೆ ಮುಚ್ಚುವವರಿದ್ದರು. ಮನೆಯಲ್ಲಿ ಹಾಕಲು ಒಂದು ಒಳ್ಳೆಯ ಫೋಟೋ ಬೇಕಿತ್ತು. ಮೊಂಡಿ ಮೂರು ಸಲ ತೆಗೆದಳು. ಮೂರು ಸಲವೂ ಬೇಡವೆಂದು ತಲೆಯಾಡಿಸಿದರು.

"ಚೆನ್ನಾಗಿದೆಯಮ್ಮ. ಆದ್ರೆ ಇವನ್ಯಾರೋ ಬೀಗರ ಮನೆಗೆ ಹೊರಟಿರೋ ಹಾಗಿದಾನೆ. ನಾನಲ್ಲ."

ಅವರು ಹೋದ ಮೇಲೆ ಅಣ್ಣ ಗೊಣಗಿದ. "ಮುಖ ಇರೋದೇ ಹಾಗಿದ್ರೆ ಕ್ಯಾಮೆರಾ ಏನ್ ಮಾಡುತ್ತೆ? ಬಿಟ್ಹಾಕು."

"ತಪ್ಪು ಮುಖದ್ದಲ್ಲಣ್ಣ, ನಂದು. ಅವರನ್ನ ನಾನಿನ್ನೂ ಸರಿಯಾಗಿ ನೋಡೇ ಇಲ್ಲ."

ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಗಡಿಯಾರದಂಗಡಿಯ ಮೂಲೆಯ ಸ್ಟೂಲಿನ ಮೇಲೆ ಹೋಗಿ ಕೂತಳು. ಮೊದಲ ದಿನ ಅವರು ಅಂಗಿ ಸರಿಮಾಡಿಕೊಳ್ಳುತ್ತಲೇ ಇದ್ದರು. ಎರಡನೆಯ ದಿನ ಮಾತಾಡಿ ಮಾತಾಡಿ ಸುಸ್ತಾದರು. ನಾಲ್ಕನೆಯ ದಿನ ಅವಳಿರುವುದನ್ನೇ ಮರೆತರು. ಹಳೆಯ ಕೈಗಡಿಯಾರವೊಂದಕ್ಕೆ ಕೀ ಕೊಟ್ಟು, ಕಿವಿಯ ಹತ್ತಿರ ಹಿಡಿದು, ಕುತ್ತಿಗೆ ವಾಲಿಸಿ ಕಣ್ಣು ಮುಚ್ಚಿದರು. ಹಣೆಯ ಗೆರೆಗಳೆಲ್ಲ ಸಡಿಲಾದವು. ಗಾಜಿನ ಬಾಗಿಲಿನ ಬೆಳಕು ರೆಪ್ಪೆಯ ಮೇಲೆ ನಿಂತಿತ್ತು. ಗಡಿಯಾರ ನಡೆಯತೊಡಗಿದ್ದು ಅವಳಿಗೆ ಕೇಳಿಸಲಿಲ್ಲ. ಅವರ ತುಟಿಯಂಚಿನಲ್ಲಿ ಕಾಣಿಸಿತು. ಕ್ಯಾಮೆರಾ ಎತ್ತಿ ಒತ್ತಿದಳು.

ಅಣ್ಣ ನೋಡಿ ಹಣೆ ಚಚ್ಚಿಕೊಂಡ. "ಕಣ್ಣೇ ಮುಚ್ಚಿದೆಯಲ್ಲೇ! ಜನ ನಗ್ತಾರೆ. ಸ್ಟುಡಿಯೋ ಮರ್ಯಾದೆ ಏನಾಗ್ಬೇಕು?"

"ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಬೇಕಾದ್ರೆ ಬೈಕೋ. ಕೊಡೋದು ಇದನ್ನೇ."

ದೊಡ್ಡದಾಗಿ ಪ್ರಿಂಟ್ ಹಾಕಿ ತಾನೇ ಅವರ ಮನೆಗೆ ಒಯ್ದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಾನು ಹೀಗಿರ್ತೀನಾ?"

ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. "ಹೀಗೇ ಇರ್ತೀರಿ. ಮದುವೆಯಾದ ಹೊಸದ್ರಲ್ಲಿ ಅಂಗಡಿಗೆ ಊಟ ತಂದಾಗೆಲ್ಲ ಇದನ್ನ ನೋಡ್ತಾ ಬಾಗಿಲಲ್ಲೇ ನಿಂತುಬಿಡ್ತಿದ್ದೆ. ನಿಮಗೆಲ್ಲಿ ಗೊತ್ತಾಗ್ಬೇಕು!"

ಮುದುಕರ ಕಿವಿ ಕೆಂಪಾಯಿತು. ಮೊಳೆ ಹುಡುಕಲು ಎದ್ದರು.

ಸ್ಟುಡಿಯೋಗೆ ಮರಳಿದವಳೇ ಮೊಂಡಿ ಅಣ್ಣನ ಮುಂದೆ ನಿಂತಳು. "ಇನ್ಮೇಲೆ ಭಾನುವಾರ ಕ್ಯಾಮೆರಾ ನಂಗೆ ಬೇಕು. ಕೇಳ್ತಿಲ್ಲ, ಹೇಳ್ತಿದೀನಿ."

ಅಣ್ಣ ಮುಖ ಗಂಟು ಹಾಕಿಕೊಂಡ. ಆದರೂ ಶನಿವಾರ ಸಂಜೆ ಬ್ಯಾಟರಿ ಚಾರ್ಜಿಗೆ ಹಾಕಿದವನು ಅವನೇ. ಭಾನುವಾರ ಬೆಳಿಗ್ಗೆ ಮೊಂಡಿ ಬೇಕರಿಯ ಒಲೆಯ ಪಕ್ಕ ಒಂದು ಮಣೆ ಎಳೆದುಕೊಂಡು, ಬ್ರೆಡ್ ಬೇಯಿಸುವವನನ್ನು ನೋಡುತ್ತ ಕೂತಳು.