ಮಿಂಚುಳ್ಳಿ ಬರೆದ ಹೆಲ್ಮೆಟ್

ನನ್ನ ತಮ್ಮ ಹೆಲ್ಮೆಟ್ಟೊಂದನ್ನು ಹಳೆಯ ದಿಂಬಿನ ಚೀಲದಿಂದ ಹೊರತೆಗೆದು ನನ್ನ ಮೇಜಿನ ಮೇಲಿಟ್ಟ. ಕಡುನೀಲಿ ಬಣ್ಣ. ಎರಡು ಪಕ್ಕಕ್ಕೂ ಮಡಚಿದ ರೆಕ್ಕೆ, ಹಣೆಯ ಮೇಲೆ ಚೂಪಾದ ಕೊಕ್ಕು. ನೀರಿಗೆ ಧುಮುಕುತ್ತಿರುವ ಮಿಂಚುಳ್ಳಿ.

"ಈಗಲೇ ಚೀಟಿ ಅಂಟಿಸಿಬಿಡು ಅಕ್ಕ. ಭಾನುವಾರ ಬೆಳಿಗ್ಗೆ ನಿನ್ನ ಮುಂದೆ ಸಾಲು ನಿಲ್ಲೋದು ತಪ್ಪುತ್ತೆ."

ನಾನು ಬೈಕ್ ರೇಸಿನ ಟ್ರ್ಯಾಕಿನಲ್ಲಿ ಹೆಲ್ಮೆಟ್ ತಪಾಸಣೆ ಮಾಡುವವಳು. ನಾನು ನೋಡಿ ಚೀಟಿ ಅಂಟಿಸದ ಹೆಲ್ಮೆಟ್ ಹಾಕಿಕೊಂಡು ಯಾರೂ ಟ್ರ್ಯಾಕಿಗೆ ಇಳಿಯುವಂತಿಲ್ಲ. ತಮ್ಮನೋ ಸವಾರರ ಹೆಲ್ಮೆಟ್‌ಗಳಿಗೆ ಚಿತ್ರ ಬರೆಯುವವನು. ಆದರೆ ಇದು ಅವನ ಮಗಳದೇ. ಚುರುಕಿ ಎಂದು ನಾವೆಲ್ಲ ಕರೆಯುವ ಆ ಹುಡುಗಿಗೆ ಭಾನುವಾರ ಮೊದಲ ರೇಸು.

"ಚೆನ್ನಾಗಿದೆ ಕಣೋ," ಎಂದೆ.

"ಚೆನ್ನಾಗಿರ್ಲಿ ಅಂತ ಮಾತ್ರ ಅಲ್ಲ. ಬಿಳಿ ಹೆಲ್ಮೆಟ್ ಹಾಕ್ಕೊಂಡ್ರೆ ದೂರದಿಂದ ಎಲ್ಲಾ ಮೊಟ್ಟೆಗಳೇ. ನಮ್ಮ ಮೊಟ್ಟೆ ಯಾವುದು ಅಂತ ನಮಗೆ ಗೊತ್ತಾಗ್ಬೇಡ್ವಾ?"

ನಾನು ಹೊರಮೈ ನೋಡಿದೆ. ಗೀರಿಲ್ಲ, ಬಿರುಕಿಲ್ಲ. ತಯಾರಕರ ಗುರುತಿನ ಪಟ್ಟಿಯ ಮೇಲೆ ಒಂದು ಹನಿ ಬಣ್ಣವೂ ಬಿದ್ದಿರಲಿಲ್ಲ. ಒಳಗಿನ ಬಟ್ಟೆಯ ಮೆತ್ತೆ ಬಿಚ್ಚಿ, ಅದರ ಹಿಂದಿರುವ ಥರ್ಮೋಕೋಲಿನ ಪದರವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದೆ. ಬಿದ್ದಾಗ ತಲೆಗೆ ಬರುವ ಪೆಟ್ಟನ್ನು ನುಂಗುವುದು ಮುಖ್ಯವಾಗಿ ಆ ಪದರವೇ. ಹಣೆಯ ಹತ್ತಿರ ಗಟ್ಟಿ, ಕಿವಿಗಳ ಹತ್ತಿರ ಗಟ್ಟಿ. ನೆತ್ತಿಗೆ ಬಂದಾಗ ಬೆರಳು ಸ್ವಲ್ಪ ಒಳಗೆ ಹೋದಂತಾಯಿತು.

ಮತ್ತೆ ಒತ್ತಿದೆ. ಹೋದಂತಾಯಿತೋ, ಹೋಯಿತೋ? ಬೀಗ ಹಾಕಿ ಬೀದಿಯ ತಿರುವಿನವರೆಗೂ ಹೋಗಿ ಬೀಗ ಎಳೆದು ನೋಡಲು ವಾಪಸ್ಸು ಬರುವ ಸ್ವಭಾವ ನನ್ನದು. ನನ್ನ ಬೆರಳನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಪಾಟಿನಿಂದ ಟ್ರ್ಯಾಕಿನದೇ ಒಂದು ಬಿಳಿ ಹೆಲ್ಮೆಟ್ ತೆಗೆದು ಒತ್ತಿ ನೋಡಿದೆ. ಕಲ್ಲಿನಂತಿತ್ತು. ಮಿಂಚುಳ್ಳಿಯ ನೆತ್ತಿಯಲ್ಲಿ ಮಾತ್ರ ಅಂಗೈ ಅಗಲದ ದುಂಡು ಜಾಗ ಮೆತ್ತಗಿತ್ತು.

"ಇಲ್ಲಿ ಒತ್ತು," ಎಂದೆ.

ಅವನು ಒತ್ತಿದ. "ಸರಿಯಾಗೇ ಇದೆ."

"ಮೆತ್ತಗಿಲ್ವಾ?"

"ನೀನು ಮೊಸರಲ್ಲಿ ಕಲ್ಲು ಹುಡುಕೋಳು. ನನ್ನ ಬಣ್ಣದಿಂದ ಹೆಲ್ಮೆಟ್ ಕೆಟ್ಟಿದೆ ಅಂತೀಯಾ?"

"ಹಾಗಂತಿಲ್ಲ. ಗೊತ್ತಿಲ್ಲ ಅಂತಿದೀನಿ. ಗೊತ್ತಾಗೋವರೆಗೆ ಚೀಟಿ ಅಂಟಿಸೋಕೆ ಆಗಲ್ಲ."

"ಸ್ವಂತ ಸೋದರತ್ತೇನೇ ಹೀಗಂದ್ರೆ," ಎಂದು ಅವನು ಹೆಲ್ಮೆಟ್ಟನ್ನು ಚೀಲಕ್ಕೆ ತುರುಕಿದ. ಬಾಗಿಲವರೆಗೆ ಹೋದವನು ತಿರುಗಿದ. "ಬಾ ಹಾಗಾದ್ರೆ. ಶೆಡ್ಡಿಗೆ ಬಂದು ನಿನ್ನ ಕಣ್ಣಾರೆ ನೋಡು. ಆಮೇಲೆ ಬಾಯಿ ಮುಚ್ಕೊಂಡು ಅಂಟಿಸ್ಬೇಕು."

ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಕಿಟಕಿಗೆ ಬಲೆ, ಗೋಡೆಗೆ ಕುಂಚಗಳ ಸಾಲು, ನೆಲದ ತುಂಬ ಬಣ್ಣದ ಚುಕ್ಕೆ. ಚುರುಕಿ ಆಗಲೇ ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತಿದ್ದಳು. ವಿಷಯ ಕೇಳಿ ಅವಳಿಗೆ ಗಾಬರಿಗಿಂತ ಕುತೂಹಲವೇ ಹೆಚ್ಚಾಯಿತು.

"ಅತ್ತೆ, ಬಣ್ಣ ಹೊರಚಿಪ್ಪಿನಿಂದ ಒಳಗೆ ಇಳಿಯುತ್ತಾ?"

"ಅದನ್ನೇ ನೋಡೋಣ."

ಹಿಂದೊಮ್ಮೆ ಬಿದ್ದು ಬಿರುಕುಬಿಟ್ಟ ಹೆಲ್ಮೆಟ್ಟೊಂದನ್ನು ಮಾದರಿಗೆಂದು ತಮ್ಮ ಸೀಳಿ ಇಟ್ಟುಕೊಂಡಿದ್ದ. ಒಂದು ಹೋಳಿನ ಹೊರಮೈಯನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದ, ಬಣ್ಣ ಹೊಡೆದ, ಇನ್ನೊಂದು ಕಡೆ ಬಣ್ಣ ತೆಳುಮಾಡುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ನಾವು ಮೂವರೂ ಬಗ್ಗಿ ಒಳಗಿನ ಪದರ ನೋಡಿದೆವು. ಏನೂ ಆಗಿರಲಿಲ್ಲ.

"ಇದು ನಾರು, ಅಂಟು ಸೇರಿಸಿ ಮಾಡಿದ ಚಿಪ್ಪು," ಎಂದ ತಮ್ಮ. "ಬರೀ ಪ್ಲಾಸ್ಟಿಕ್ ಚಿಪ್ಪಿನದಾದ್ರೆ ಥಿನ್ನರ್ ಅದನ್ನ ತಿನ್ನುತ್ತೆ. ಅಂಥದ್ದನ್ನ ನಾನು ಮುಟ್ಟೋದೇ ಇಲ್ಲ."

"ಒಳಗಡೆ ಥಿನ್ನರ್ ಬಿದ್ರೆ?"

ಅವನು ಥರ್ಮೋಕೋಲಿನ ಮೇಲೆ ಒಂದು ಹನಿ ಬಿಟ್ಟ. ಹನಿ ಬಿದ್ದಲ್ಲಿ ಚುರ್ ಎಂದು ಗುಂಡಿಯಾಯಿತು. ಚುರುಕಿ ಬೆರಳು ಹಿಂದಕ್ಕೆಳೆದುಕೊಂಡಳು.

"ಗೊತ್ತಿದೆ ನಂಗೆ. ಅದಕ್ಕೇ ಒಂದು ಹನಿನೂ ಒಳಗೆ ಬಿಡಲ್ಲ. ಒಲೆ ಹತ್ರ ಇಡಲ್ಲ, ದೀಪದಡಿ ಇಡಲ್ಲ, ನೆರಳಲ್ಲೇ ಒಣಗಿಸ್ತೀನಿ. ಇನ್ನೇನು ಬೇಕು ನಿಂಗೆ?"

ಇನ್ನೇನೂ ಬೇಕಿರಲಿಲ್ಲ. ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ತಪ್ಪು ನನ್ನ ಬೆರಳಿನದೇ ಇರಬೇಕು, ಸುಮ್ಮನೆ ಮಗುವಿನ ಸಂತೋಷಕ್ಕೆ ಕಲ್ಲು ಹಾಕುತ್ತಿದ್ದೇನೆ ಅನ್ನಿಸಿತು. ಆದರೂ ಆ ದುಂಡು ಜಾಗ ನನ್ನನ್ನು ಬಿಡಲಿಲ್ಲ. ಕೆಟ್ಟರೆ ಅಲ್ಲೊಂದು ಇಲ್ಲೊಂದು ಕಡೆ ಕೆಡಬೇಕು. ಬಟ್ಟಲಿಟ್ಟು ಗೆರೆ ಎಳೆದಂತೆ ಯಾಕೆ ಕೆಡುತ್ತದೆ?

"ಕೊನೇದಾಗಿ ಒಂದು," ಎಂದೆ. "ದಿನಾ ಕೆಲಸಕ್ಕೆ ಕೂರೋ ಹಾಗೇ ಕೂತು ತೋರಿಸು. ನಾನು ಇಲ್ಲ ಅಂದ್ಕೋ."

"ಇಷ್ಟು ಹೊತ್ತೂ ಅದೇ ಆಸೆ ಇತ್ತು," ಎಂದು ಗೊಣಗುತ್ತಾ ಕುಳಿತ. ಮಿಂಚುಳ್ಳಿಯ ಒಳಗಿನ ಮೆತ್ತೆ ಬಿಚ್ಚಿ ಪಕ್ಕಕ್ಕಿಟ್ಟ. ಮೂಲೆಯಲ್ಲಿದ್ದ ಎತ್ತರದ ಡಬ್ಬವನ್ನು ಕಾಲ ನಡುವೆ ಎಳೆದುಕೊಂಡು, ಮುಚ್ಚಳ ತೆಗೆದು, ಅದರ ಮೇಲೆ ಹೆಲ್ಮೆಟ್ಟನ್ನು ಕವುಚಿದ. ಯಾರೋ ಕುಳ್ಳ ರಾಜನಿಗೆ ಕಿರೀಟ ತೊಡಿಸಿದಂತಿತ್ತು. ಚುರುಕಿ ನಕ್ಕಳು.

"ಅದರಲ್ಲೇನಿದೆ?" ಎಂದೆ.

"ಥಿನ್ನರ್. ಅರ್ಧ ಡಬ್ಬ. ಖಾಲಿ ಡಬ್ಬ ಆದ್ರೆ ಮಗುಚ್ಕೊಳ್ಳುತ್ತೆ, ಭಾರ ಬೇಕು."

"ಮುಚ್ಚಳ ಯಾಕೆ ತೆಗೆದೆ?"

"ಮುಚ್ಚಳ ಉಬ್ಬಿದೆ. ಅದಿದ್ರೆ ಹೆಲ್ಮೆಟ್ ಅಲ್ಲಾಡುತ್ತೆ, ಕೊಕ್ಕಿನ ಗೆರೆ ನೇರ ಬರಲ್ಲ. ಮೊದಲು ಕೂರಿಸೋಕೆ ಮರದ ಗೂಟ ಇತ್ತು, ಹೋದ ತಿಂಗಳು ಮುರೀತು. ಇದು ಅದಕ್ಕಿಂತ ಚೆನ್ನಾಗಿ..."

ಅವನು ಅಲ್ಲಿಗೇ ನಿಲ್ಲಿಸಿದ. ಹೆಲ್ಮೆಟ್ಟನ್ನು ಎತ್ತಿ ಒಳಗೆ ನೋಡಿದ, ಡಬ್ಬದ ಅಂಗೈ ಅಗಲದ ದುಂಡು ಬಾಯಿ ನೋಡಿದ. ಮತ್ತೆ ಒಳಗೆ ನೋಡಿದ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ತೊಟ್ಟೂ ತಾಗಲ್ಲ ಅಕ್ಕ. ಥಿನ್ನರ್ ಎಷ್ಟೋ ಕೆಳಗಿದೆ."

"ತಾಗಲ್ಲ. ಆದ್ರೆ ಆವಿ?"

ಚುರುಕಿ ಆ ಹೊತ್ತಿಗೆ ಹೋಳಿನಿಂದ ಥರ್ಮೋಕೋಲಿನ ತುಂಡೊಂದನ್ನು ಮುರಿದು ಡಬ್ಬದ ಬಾಯಿಯ ಮೇಲಿಟ್ಟಿದ್ದಳು. ಅದರ ಮೇಲೊಂದು ತಟ್ಟೆ ಮುಚ್ಚಿ ನಾವು ಟೀ ಕುಡಿಯಲು ಒಳಗೆ ಹೋದೆವು. ತಮ್ಮ ಒಂದು ಗುಟುಕನ್ನೂ ನೆಟ್ಟಗೆ ಕುಡಿಯಲಿಲ್ಲ. "ಏನೂ ಆಗಿರಲ್ಲ ಬಿಡಿ," ಎನ್ನುವುದು, ಬಾಗಿಲ ಕಡೆ ನೋಡುವುದು. ಲೋಟಗಳನ್ನು ತೊಳೆದಿಟ್ಟು, ಅವಸರ ಮಾಡಬಾರದೆಂದು ಇನ್ನಷ್ಟು ಹೊತ್ತು ಕಾದೆವು.

ತಟ್ಟೆ ತೆಗೆದಾಗ ತುಂಡಿನ ಅಡಿಭಾಗ ಒದ್ದೆಯಾದಂತೆ ಹೊಳೆಯುತ್ತಿತ್ತು. ಮುಟ್ಟಿದರೆ ಒದ್ದೆಯಿಲ್ಲ, ಅಂಟಂಟು. ಚುರುಕಿ ಉಗುರು ಊರಿದಳು. ಉಗುರು ಇಳಿಯಿತು.

"ಹಾಗಾದ್ರೆ ಬಣ್ಣದಿಂದ ಏನೂ ಆಗಲಿಲ್ಲ," ಎಂದಳು ಅವಳು ನಿಧಾನವಾಗಿ. "ಬಣ್ಣ ಹಚ್ಚೋವಾಗ ಕೂರಿಸಿದ ಜಾಗದಿಂದ ಆಯ್ತು."

ಮಿಂಚುಳ್ಳಿಯ ಕೊಕ್ಕಿನ ಮೇಲೆ ಕೈಯಾಡಿಸುತ್ತಿದ್ದ ತಮ್ಮ ಕೇಳಿದ, "ಅಕ್ಕ, ಎಷ್ಟು ಕೆಟ್ಟಿರಬಹುದು? ಒಂದು ರೇಸಿಗೆ ತಡ್ಕೊಳ್ಳಲ್ವಾ? ಬಿದ್ರೆ ತಾನೇ ಅದು ಬೇಕಾಗೋದು."

"ಎಷ್ಟು ಕೆಟ್ಟಿದೆ ಅಂತ ನಂಗೆ ಹೇಳೋಕೆ ಬರಲ್ಲ ಕಣೋ. ತಡ್ಕೊಳ್ಳಬಹುದು. ತಡ್ಕೊಳ್ಳುತ್ತೆ ಅಂತ ಬರೆದುಕೊಡು ಅಂದ್ರೆ ನನ್ನ ಕೈ ಏಳಲ್ಲ. ನಿಂದು?"

ಅವನು ಗೋಡೆಯಿಂದ ಗರಗಸ ತೆಗೆದ. ಕೊಕ್ಕಿನಿಂದ ಬಾಲದವರೆಗೆ ಮಿಂಚುಳ್ಳಿಯನ್ನು ಅವನೇ ಸೀಳಿದ. ಬೆಳಕಿಗೆ ಹಿಡಿದಾಗ ನೆತ್ತಿಯ ಪದರ ಕುಗ್ಗಿದ್ದು ಕಾಣಿಸಿತು. ಚುರುಕಿಯ ಕಣ್ಣು ತುಂಬಿತ್ತು. ಆದರೂ ಬಗ್ಗಿ ನೋಡುವುದನ್ನು ಅವಳು ಬಿಡಲಿಲ್ಲ.

ಆಮೇಲೆ ಅವನು ಫೋನ್ ಹಿಡಿದು ಕುಳಿತ. ಗೂಟ ಮುರಿದ ಮೇಲೆ ಯಾರ್‍ಯಾರಿಗೆ ಚಿತ್ರ ಬರೆದುಕೊಟ್ಟಿದ್ದನೋ ಎಲ್ಲರಿಗೂ ಒಂದೇ ಮಾತು. "ಹೆಲ್ಮೆಟ್ ವಾಪಸ್ ತನ್ನಿ. ಚಿತ್ರಕ್ಕಲ್ಲ, ಚಿತ್ರ ಚೆನ್ನಾಗೇ ಇದೆ. ಒಳಗಡೆ ನೋಡ್ಬೇಕು." ಒಬ್ಬರು ಬೈದರು. ಬೈಗುಳ ಮುಗಿಯುವವರೆಗೂ ಕೇಳಿಸಿಕೊಂಡು, "ಇವತ್ತೇ ತನ್ನಿ," ಎಂದ.

ಭಾನುವಾರ ಚುರುಕಿ ಹಾಕಿಕೊಂಡದ್ದು ನನ್ನ ಕಪಾಟಿನ ಬಿಳಿ ಹೆಲ್ಮೆಟ್. ಅವಳ ಜೊತೆಗಿದ್ದ ಹೊಸಬರಲ್ಲಿ ಅರ್ಧಕ್ಕರ್ಧ ಮಂದಿಯದೂ ಬಿಳಿಯೇ.

"ಎಲ್ಲಾ ಮೊಟ್ಟೆಗಳು," ಎಂದು ಬೇಲಿ ಹಿಡಿದು ನಿಂತ ತಮ್ಮ ನಿಟ್ಟುಸಿರುಬಿಟ್ಟ. ಎರಡನೇ ಸುತ್ತಿಗೆ, "ಅಗೋ, ತಿರುವಿನಲ್ಲಿ ತಲೆ ವಾಲಿಸಿದ್ಲಲ್ಲ, ಅವಳೇ," ಎಂದು ಗುರುತು ಹಿಡಿದ. ಅಲ್ಲಿಂದ ಕೊನೆಯವರೆಗೂ ಗಂಟಲು ಹರಿಯುವಂತೆ ಕೂಗಿದ. ಆ ಸವಾರ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಒಳಗಿನಿಂದ ಗಡ್ಡ ಹೊರಬಂತು.

ನಮ್ಮವಳು ಹಿಂದಿನಿಂದ ಬಂದು ಅಪ್ಪನ ಬೆನ್ನಿಗೆ ತಿವಿದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ತಮ್ಮ ಅವಳ ಕೈಯಿಂದ ಹೆಲ್ಮೆಟ್ ಇಸಿದುಕೊಂಡು, ಮಗುಚಿ, ಮೆತ್ತೆ ಸರಿಸಿ, ನೆತ್ತಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಇನ್ನೊಮ್ಮೆ ಒತ್ತಿದ.

"ಅಪ್ಪ," ಎಂದಳು ಚುರುಕಿ, "ನಾನು ಎಷ್ಟನೆಯವಳಾಗಿ ಬಂದೆ ಅಂತ ಕೇಳಲ್ವಾ?"

"ಕೇಳ್ತೀನಿ ಇರು," ಎಂದ ಅವನು, ಒತ್ತುತ್ತಲೇ.