ಹೆಂಗಿದ್ರೂ ಮನೇಲೇ ಇರ್ತಾಳಲ್ಲ

2025ರ ಜುಲೈ 14, ಸೋಮವಾರ, ಬೆಳಗ್ಗೆ 8 ಗಂಟೆ 10 ನಿಮಿಷ. ಗೋವಿಂದರಾಜನಗರದ ಒಂದು ವಠಾರ. ಮಹಡಿ ಮನೆಯ ವೆಂಕಟಗಿರಿಯವರು ಇಳಿದು ಬಂದು, ಸುಮಾಳ ಮನೆ ಬಾಗಿಲ ಪಕ್ಕದ ಮೊಳೆಗೆ ತಮ್ಮ ಬೀಗದ ಕೈ ನೇತುಹಾಕಿದರು. ಅಲ್ಲಿ ಆಗಲೇ ಇನ್ನೆರಡು ಮನೆಗಳ ಬೀಗದ ಕೈಗಳಿದ್ದವು.

"ಗ್ಯಾಸ್ ಬರತ್ತೆ, ಇಸ್ಕೊಂಡು ಒಳಗಿಡ್ಸಮ್ಮ ಸುಮಾ. ನೀರು ಬಂದ್ರೆ ಮೋಟ್ರು ಹಾಕ್ಬಿಡು. ನೀನು ಹೆಂಗಿದ್ರೂ ಮನೇಲೇ ಇರ್ತೀಯಲ್ಲ."

ಸುಮಾಳಿಗೆ ಇಪ್ಪತ್ತು ವರ್ಷ. ಎರಡು ವರ್ಷದ ಹಿಂದೆ ಅಜ್ಜಿ ಪಟಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ತಾಯಿ ಜ್ಯೋತಿಲಕ್ಷ್ಮಿಗೆ ವಿಜಯನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ. ತಂದೆ ನಾಗೇಂದ್ರ ಟೆಂಪೋ ಓಡಿಸುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳಲು ಸುಮಾ ಪಿಯುಸಿ ಬಿಟ್ಟಳು. ಅಜ್ಜಿ ಎದ್ದು ಓಡಾಡತೊಡಗಿದರು. ಆದರೆ ಮತ್ತೆ ಕಾಲೇಜಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಮೊಳೆಗೆ ಬೀಗದ ಕೈಗಳು ಬರತೊಡಗಿದ್ದವು.

ವೆಂಕಟಗಿರಿಯವರು ಸ್ಕೂಟರ್ ಒರೆಸುತ್ತಿದ್ದಾಗ, ಎದುರು ಮನೆಯ ಶುಭಾ ತಮ್ಮ ಬೀಗದ ಕೈ ಹಿಡಿದು ಬಂದರು. ಅವರು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಸರ್ಕಾರಿ ಐಟಿಐಗೆ ಸುಮಾಳಿಂದ ಅರ್ಜಿ ಹಾಕಿಸಿದವರು ಅವರೇ.

"ಸುಮಾ, ಸೀಟಿಂದು ಏನಾಯ್ತೇ?"

"ಸಿಕ್ಕಿದೆ ಆಂಟಿ. ಟರ್ನರ್ ಟ್ರೇಡು. ಇವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ ಸೇರ್ಕೋಬೇಕು. ಇಲ್ಲಾಂದ್ರೆ ಮುಂದಿನವರಿಗೆ ಕೊಡ್ತಾರೆ."

ಕೆಲಸಕ್ಕೆ ಹೊರಟಿದ್ದ ಜ್ಯೋತಿಲಕ್ಷ್ಮಿ ಚಪ್ಪಲಿ ಮೆಟ್ಟುತ್ತಿದ್ದವರು ಅಲ್ಲೇ ನಿಂತರು. "ಇವತ್ತಾ? ನಂಗ್ಯಾಕೆ ಹೇಳ್ಲಿಲ್ಲ?"

"ಶನಿವಾರ ಹೇಳಕ್ಕೆ ಬಂದೆ ಅಮ್ಮ. ನೀನು ಒಳಗೆ ಕಾಲಿಡ್ತಿದ್ದಂಗೇ 'ರೇಷನ್ ತಂದ್ಯಾ' ಅಂದೆ."

"ಅದೆಲ್ಲ ಇರ್ಲಿ. ಟರ್ನರ್ ಅಂದ್ರೆ ಏನೇ?"

"ಲೇತ್ ಮೆಷಿನ್ ಕೆಲಸ. ಕಬ್ಬಿಣಾನ ಅಳತೆಗೆ ಸರಿಯಾಗಿ ಕಡೆಯೋದು."

"ಅಯ್ಯೋ! ಕೈಗೆ ಏನಾದ್ರೂ ಆದ್ರೆ? ನಾಳೆ ಗಂಡಿನ ಕಡೆಯೋರು ಏನಂತಾರೆ?"

ಶುಭಾ ನಕ್ಕರು. "ಅಲ್ಲಿ ಮೊದಲು ಸುರಕ್ಷತೆ ಕಲಿಸ್ತಾರೆ, ಆಮೇಲೆ ಮೆಷಿನ್ ಮುಟ್ಟಿಸ್ತಾರೆ. ಗಂಡಿನ ಕಡೆಯೋರು 'ಹುಡುಗಿ ಏನ್ ಮಾಡ್ತಾಳೆ' ಅಂತ ಕೇಳಿದ್ರೆ ಈಗೇನು ಹೇಳ್ತೀರ? ವಠಾರದ ಬೀಗದ ಕೈ ಕಾಯ್ತಾಳೆ ಅಂತೀರಾ?"

"ಹಂಗನ್ಬೇಡಿ ಮೇಡಂ. ಅವಳೇನು ಸುಮ್ನೆ ಕೂತಿದಾಳಾ? ಬೆಳಗ್ಗೆಯಿಂದ ಒಂದ್ ನಿಮಿಷ ಬಿಡುವಿಲ್ಲ ಅವಳಿಗೆ."

"ಅದೇ ತೊಂದರೆ ಜ್ಯೋತಿಯವರೇ. ಸುಮ್ನೆ ಕೂತಿದ್ರೆ ನೀವೇ ಬೈದು ಕಳಿಸ್ತಿದ್ರಿ. ಕೈತುಂಬ ಕೆಲಸ ಇತ್ತು, ಅದಕ್ಕೇ ಇವಳ ಓದು ನಿಂತಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ನನ್ನ ಕಣ್ಣಿಗೂ."

ಶುಭಾ ಕೈಯಲ್ಲಿದ್ದ ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡರು. "ಈ ಸೀಟಿಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ಸಾಕು. ಸರ್ಕಾರಿ ಐಟಿಐನಲ್ಲಿ ಫೀಸೂ ಕಡಿಮೆ. ಎರಡು ವರ್ಷ ಕಲಿತ್ರೆ ಫ್ಯಾಕ್ಟರಿಗಳಲ್ಲಿ ಅಪ್ರೆಂಟಿಸ್ ಆಗಬಹುದು, ಸ್ಟೈಪೆಂಡ್ ಕೊಡ್ತಾರೆ. ಮುಂದೆ ಡಿಪ್ಲೊಮಾ ಓದೋಕೂ ದಾರಿ ಇದೆ."

"ಅತ್ತೇನ ಯಾರು ನೋಡ್ಕೋತಾರೆ ಮೇಡಂ?"

ಒಳಗಿನಿಂದ ಪಟಾಲಮ್ಮ ಹೊಸಿಲ ತನಕ ನಡೆದು ಬಂದರು. "ನೋಡ್ಕೊಳ್ಳಕ್ಕೆ ನಾನೇನು ಕೂಸಾ? ನಿನ್ನೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದೋರು ಯಾರು? ನನ್ನ ಕಾಲು ನೆಟ್ಟಗಾಗಿ ಎಷ್ಟು ಕಾಲ ಆಯ್ತು! ಅದನ್ನೇ ಹೇಳ್ಕೊಂಡು ಹುಡುಗೀನ ಕಟ್ಟಾಕ್ಬೇಡ ಕಣೇ ಜ್ಯೋತಿ."

ಸುಮಾ ಬಾಗಿಲಾಚೆ ಬಂದಳು. ಮೊಳೆಯಿಂದ ಮಹಡಿ ಮನೆಯ ಬೀಗದ ಕೈ ತೆಗೆದು, ಸ್ಕೂಟರ್ ಬಳಿ ಹೋಗಿ ವೆಂಕಟಗಿರಿಯವರ ಮುಂದೆ ಹಿಡಿದಳು.

"ತಗೊಳ್ಳಿ ಅಂಕಲ್. ಇವತ್ತಿಂದ ನಾನು ಮನೇಲಿರಲ್ಲ."

"ಅಯ್ಯೋ, ನನ್ನ ಗ್ಯಾಸು?"

ಪಟಾಲಮ್ಮ ಬಾಗಿಲಿಂದಲೇ ಕೂಗಿದರು. "ಗ್ಯಾಸು ನಾಳೇನೂ ಬರತ್ತೆ ಕಣಪ್ಪ. ಸೀಟು ನಾಳೆ ಬರಲ್ಲ!"

ವೆಂಕಟಗಿರಿಯವರು ತಲೆ ಕೆರೆದುಕೊಂಡು ಬೀಗದ ಕೈ ಜೇಬಿಗೆ ಹಾಕಿಕೊಂಡರು. "ಅದೂ ಸರೀನೇ. ಹೋಗ್ಬಾಮ್ಮ, ಒಳ್ಳೇದಾಗ್ಲಿ."

ಜ್ಯೋತಿಲಕ್ಷ್ಮಿ ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದರು. ಆಮೇಲೆ ಅಂಗಡಿಗೆ ಫೋನ್ ಮಾಡಿದರು. "ಸಾರ್, ಇವತ್ತು ಮಧ್ಯಾಹ್ನದ ಮೇಲೆ ಬರ್ತೀನಿ. ಮಗಳನ್ನ ಐಟಿಐಗೆ ಸೇರಿಸ್ಬೇಕು." ಫೋನ್ ಇಟ್ಟವರೇ ಬೀರು ತೆಗೆದರು. "ಮಾರ್ಕ್ಸ್ ಕಾರ್ಡ್ ಎಲ್ಲಿಟ್ಟಿದೀಯೇ? ಬೇಗ ಹೊರಡು, ಮಾಗಡಿ ರೋಡಲ್ಲಿ ಟ್ರಾಫಿಕ್ಕು."

ಒಂದು ಗಂಟೆಗೆ ಮೊದಲೇ ಸುಮಾ ದಾಖಲಾದಳು. ಮೊದಮೊದಲು ವಠಾರದವರಿಗೆ ಕಷ್ಟವಾಯಿತು. ಎರಡು ಸಲ ಸಂಪು ತುಂಬಲಿಲ್ಲ, ಒಂದು ಸಲ ಗ್ಯಾಸ್ ವಾಪಸ್ ಹೋಯಿತು. ಆಮೇಲೆ ಅವರವರು ಅವರವರ ಏರ್ಪಾಡು ಮಾಡಿಕೊಂಡರು. ಬಾಗಿಲ ಪಕ್ಕದ ಮೊಳೆಯಲ್ಲಿ ಈಗ ಸುಮಾಳ ಐಟಿಐ ವರ್ಕ್‌ಶಾಪಿನ ನೀಲಿ ಕೋಟು ನೇತಾಡುತ್ತದೆ.

ಓದುಗರೇ, ನಿಮ್ಮ ಮನೆಯಲ್ಲಿ "ಹೆಂಗಿದ್ರೂ ಮನೇಲೇ ಇರ್ತಾಳಲ್ಲ", "ಇರ್ತಾನಲ್ಲ" ಎಂದು ನೀವು ಯಾರ ಬಗ್ಗೆ ಹೇಳುತ್ತೀರಿ? ಇವತ್ತೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಕಲಿಯಲು ಇಷ್ಟ ಎಂದು ಕೇಳಿ. ಹತ್ತಿರದ ಸರ್ಕಾರಿ ಐಟಿಐಗೆ ಜೊತೆಯಲ್ಲಿ ಹೋಗಿ, ಯಾವ ಸೀಟಿಗೆ ಏನು ಓದಿರಬೇಕು, ಕಡೇ ದಿನ ಯಾವುದು ಎಂದು ವಿಚಾರಿಸಿ. ಅವರು ಮಾಡುತ್ತಿರುವ ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳಿ. ಅವರು ಹೊರಡಲಿ.

ಸುಮಾ ಲೇತ್ ಮೇಲೆ ತಾನೇ ಕಡೆದ ಮೊದಲ ಉಕ್ಕಿನ ಸಲಾಕೆ 25 ಮಿಲಿಮೀಟರ್ ದಪ್ಪ ಇರಬೇಕಿತ್ತು. ಅವಳು ವರ್ನಿಯರ್ ಹಿಡಿದು ಅಳೆದಳು. 24.98 ಮಿಲಿಮೀಟರ್. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.